ಸೊಂಟ ಮುರಿದ ಹಿರಿಯರಿಗೆ ಅರಿವಳಿಕೆ: ಬೆನ್ನಿಗೋ, ಪೂರ್ತಿಯೋ?

ತೊಡೆಮೂಳೆಯ ಕತ್ತು ಮುರಿದುಕೊಂಡ ಎಂಬತ್ತೈದರ ಅಜ್ಜಿ ಆಪರೇಷನ್‌ಗೆ ಬಂದಾಗ ಮನೆಯವರು ಅರಿವಳಿಕೆ ತಜ್ಞರನ್ನು ಕೇಳುವ ಮೊದಲ ಪ್ರಶ್ನೆ ಬಹುಮಟ್ಟಿಗೆ ಒಂದೇ: ‘ಬೆನ್ನಿಗೆ ಇಂಜೆಕ್ಷನ್ ಕೊಡ್ತೀರಾ, ಇಲ್ಲ ಪೂರ್ತಿ ಪ್ರಜ್ಞೆ ತಪ್ಪಿಸ್ತೀರಾ?’ ಕೇಳುವವರ ಮನಸ್ಸಿನಲ್ಲಿ ಉತ್ತರವೂ ಸಿದ್ಧವಾಗಿರುತ್ತದೆ. ಬೆನ್ನಿನದು ಹಗುರ, ಪೂರ್ತಿಯದು ಭಾರ. ವಯಸ್ಸಾದ ಜೀವಕ್ಕೆ ಹಗುರವಾದದ್ದೇ ವಾಸಿ. ವೈದ್ಯರಲ್ಲೂ ಬಹಳ ಕಾಲ ಇದೇ ನಂಬಿಕೆ ಇತ್ತು.

2021ರಲ್ಲಿ ಪ್ರಕಟವಾದ ರೀಗೇನ್ ಅಧ್ಯಯನ ಈ ನಂಬಿಕೆಯನ್ನು ಒರೆಗೆ ಹಚ್ಚಿತು. ಅಮೆರಿಕ ಮತ್ತು ಕೆನಡಾದ 46 ಆಸ್ಪತ್ರೆಗಳಲ್ಲಿ ಸೊಂಟ ಮುರಿದ 1600 ಮಂದಿಯನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಬೆನ್ನಿನ ಅರಿವಳಿಕೆ, ಇನ್ನೊಂದಕ್ಕೆ ಪೂರ್ಣ ಅರಿವಳಿಕೆ ಎಂದು ಹಂಚಿದರು. 60 ದಿನಗಳ ಹೊತ್ತಿಗೆ ತೀರಿಕೊಂಡವರು ಮತ್ತು ವಾಕರ್ ಇದ್ದರೂ ಇನ್ನೊಬ್ಬರ ಆಸರೆ ಇಲ್ಲದೆ ಹತ್ತು ಅಡಿ ನಡೆಯಲಾರದವರು ಎಲ್ಲ ಸೇರಿ ಮೊದಲ ಗುಂಪಿನಲ್ಲಿ ಶೇ 18.5, ಎರಡನೆಯದರಲ್ಲಿ ಶೇ 18. ಆಪರೇಷನ್ ಆದ ಮೇಲೆ ಬುದ್ಧಿ ಕಲಸಿಹೋದವರು ಶೇ 20.5 ಮತ್ತು ಶೇ 19.7. ಮರುವರ್ಷ ಚೀನಾದಿಂದ ಬಂದ ರಾಗಾ ಅಧ್ಯಯನದಲ್ಲಿ 65 ದಾಟಿದ 950 ಜನರಿದ್ದರು. ಮೊದಲ ಏಳು ದಿನದಲ್ಲಿ ಗೊಂದಲ ಕಾಣಿಸಿಕೊಂಡದ್ದು ಬೆನ್ನಿನ ಅರಿವಳಿಕೆಯ ಬಣದಲ್ಲಿ ಶೇ 6.2 ಮಂದಿಗೆ, ಪೂರ್ಣ ಅರಿವಳಿಕೆಯ ಬಣದಲ್ಲಿ ಶೇ 5.1 ಮಂದಿಗೆ. ಲೆಕ್ಕಶಾಸ್ತ್ರದ ಕಣ್ಣಿಗೆ ಎರಡೂ ಒಂದೇ.

ಹಾಗಂತ ‘ಯಾವುದಾದರೇನು’ ಎಂದು ಕೈ ಕೊಡವುವಂತಿಲ್ಲ. ಎರಡರಲ್ಲಿ ಯಾವುದನ್ನಾದರೂ ಚೆನ್ನಾಗಿ ಕೊಡಬಹುದು, ಯಾವುದನ್ನಾದರೂ ಕೆಡಿಸಬಹುದು. ಔಷಧ ಎಷ್ಟು ಹೋಯಿತು, ಬಿಪಿ ಎಲ್ಲಿಗೆ ಇಳಿಯಿತು, ನೋವಿಗೆ ಮೊದಲೇ ಬ್ಲಾಕ್ (ನರ ಮರಗಟ್ಟಿಸುವ ಇಂಜೆಕ್ಷನ್) ಹಾಕಿದ್ದರೇ, ಎಷ್ಟು ಗಂಟೆ ಕಾಯಿಸಿದರು — ಫಲಿತಾಂಶ ಹೆಚ್ಚಾಗಿ ನಿಂತಿರುವುದು ಇವುಗಳ ಮೇಲೆ. ಮನೆಯವರ ಪ್ರಶ್ನೆ ತಪ್ಪಲ್ಲ, ಆದರೆ ಅದು ಮೂರನೆಯದೋ ನಾಲ್ಕನೆಯದೋ ಆಗಬೇಕಿತ್ತು.

ಸೋತ ದೇಹದಲ್ಲಿ ಔಷಧದ ಲೆಕ್ಕ

ವಯಸ್ಸೊಂದೇ ದೌರ್ಬಲ್ಯವಲ್ಲ. ಎಂಬತ್ತರಲ್ಲಿ ಮೆಟ್ಟಿಲು ಹತ್ತಿ ಇಳಿಯುವವರೂ ಇದ್ದಾರೆ, ಎಪ್ಪತ್ತಕ್ಕೇ ಹಾಸಿಗೆಯಿಂದ ಕುರ್ಚಿಗೆ ಬರಲು ಕೈ ಹಿಡಿಯಬೇಕಾದವರೂ ಇದ್ದಾರೆ. ಇದನ್ನು ಅಳೆಯಲು 1ರಿಂದ 9ರವರೆಗಿನ ಒಂದು ಮಾಪಕ ಬಳಕೆಯಲ್ಲಿದೆ. 5 ಮತ್ತು ಅದಕ್ಕಿಂತ ಮೇಲಿದ್ದರೆ ಸೋತ ದೇಹ ಎಂದು ಲೆಕ್ಕ. ಅಂಕ ಹಾಕುವಾಗ ನೋಡಬೇಕಾದ್ದು ಬೀಳುವುದಕ್ಕೆ ಎರಡು ವಾರ ಮೊದಲಿನ ಸ್ಥಿತಿ. ಮೂಳೆ ಮುರಿದು ಮಲಗಿರುವವರನ್ನು ನೋಡಿದರೆ ಎಲ್ಲರೂ ಸೋತವರೇ.

ಇಂಥ ದೇಹದಲ್ಲಿ ಮಾಂಸ ಕಡಿಮೆ, ನೀರು ಕಡಿಮೆ, ರಕ್ತದ ಪ್ರಮಾಣವೂ ಕಡಿಮೆ. ಅದೇ ಔಷಧ ಅದೇ ಅಳತೆಯಲ್ಲಿ ಹೋದರೆ ರಕ್ತದಲ್ಲಿ ಅದರ ಸಾಂದ್ರತೆ ಏರುತ್ತದೆ. ಮೂತ್ರಪಿಂಡ ನಿಧಾನವಾಗಿರುವುದರಿಂದ ಹೊರಹೋಗುವುದೂ ತಡ. ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ರಕ್ತ ಸುತ್ತುವ ವೇಗ. ಕೈಯ ರಕ್ತನಾಳಕ್ಕೆ ಕೊಟ್ಟ, ಪ್ರಜ್ಞೆ ತಪ್ಪಿಸುವ ಪ್ರೊಪೊಫಾಲ್ ಪ್ರಾಯದವರ ಮೆದುಳಿಗೆ ಅರ್ಧ ನಿಮಿಷದಲ್ಲಿ ಮುಟ್ಟುತ್ತದೆ. ಸೋತ ಹೃದಯದಲ್ಲಿ ಅದಕ್ಕೆ ಒಂದು ನಿಮಿಷವೂ ಆಗಬಹುದು, ಎರಡೂ ಆಗಬಹುದು. ‘ಇನ್ನೂ ಕಣ್ಣು ಮುಚ್ಚಲಿಲ್ಲವಲ್ಲ’ ಎಂದು ಅವಸರಪಟ್ಟು ಇನ್ನೊಂದಿಷ್ಟು ತಳ್ಳಿದರೆ ಎರಡು ಕಂತೂ ಒಟ್ಟಿಗೆ ಹೋಗಿ ಮುಟ್ಟುತ್ತವೆ, ಬಿಪಿ ನೆಲ ಕಚ್ಚುತ್ತದೆ. ಪೂರ್ಣ ಅರಿವಳಿಕೆಗೆ ಬಂದ ಕೆಟ್ಟ ಹೆಸರಿನಲ್ಲಿ ಒಂದು ಪಾಲು ಈ ಎರಡನೇ ಕಂತಿನದು.

ಮೊದಲು ನೋವು

ಸೊಂಟ ಮುರಿದವರು ಅಲುಗಾಡದೆ ಮಲಗಿದ್ದರೆ ನೋವು ಸಹಿಸುವಷ್ಟೇ ಇರುತ್ತದೆ. ಬೆಡ್‌ಪ್ಯಾನ್ ಇಡುವಾಗ, ಎಕ್ಸ್‌ರೇ ಮೇಜಿಗೆ ದಾಟಿಸುವಾಗ ಚೀರುತ್ತಾರೆ. ಇದಕ್ಕೆ ಮಾರ್ಫಿನ್ ಮೇಲೆ ಮಾರ್ಫಿನ್ ಕೊಟ್ಟರೆ ಅಲುಗಾಡದ ಹೊತ್ತಿನಲ್ಲಿ ತೂಕಡಿಕೆ, ವಾಂತಿ, ಮಲಬದ್ಧತೆ, ಗೊಂದಲ. ಅಲುಗಾಡಿಸಿದಾಗ ನೋವು ಹಾಗೇ. ಆದ್ದರಿಂದ ತುರ್ತು ವಿಭಾಗದಲ್ಲೇ ನರದ ಬ್ಲಾಕ್ ಹಾಕುವುದು ಈಗ ಒಳ್ಳೆಯ ಪದ್ಧತಿ ಎನಿಸಿಕೊಂಡಿದೆ.

ಹೆಚ್ಚು ಬಳಕೆಯಲ್ಲಿರುವುದು ಫ್ಯಾಸಿಯಾ ಇಲಿಯಾಕಾ ಬ್ಲಾಕ್. ತೊಡೆಸಂದಿನಲ್ಲಿ ಸ್ನಾಯುವಿನ ಮೇಲೆ ಹೊದಿಸಿದಂತಿರುವ ಗಟ್ಟಿ ಪೊರೆಯ ಕೆಳಗೆ ಔಷಧ ತುಂಬಿದರೆ ಅದು ಹರಡಿಕೊಂಡು ತೊಡೆಯ ಮುಂಭಾಗದ ಫೆಮೊರಲ್ ನರವನ್ನೂ ಪಕ್ಕದ ಚರ್ಮದ ನರವನ್ನೂ ಮಲಗಿಸುತ್ತದೆ. ಅಲ್ಟ್ರಾಸೌಂಡ್ ಇಲ್ಲದಿದ್ದರೆ ಸೊಂಟದ ಮೂಳೆಯ ಮುಂದಿನ ಮೊನೆಯಿಂದ ಗುಹ್ಯಾಸ್ಥಿಯ ಗುಬುಟಿನವರೆಗೆ ಗೆರೆ ಎಳೆದುಕೊಂಡು, ಹೊರಗಿನ ಮೂರನೇ ಒಂದು ಭಾಗ ಮುಗಿಯುವಲ್ಲಿಂದ ಒಂದು ಸೆಂ.ಮೀ. ಕೆಳಗೆ ಮೊಂಡು ತುದಿಯ ಸೂಜಿ ಇಳಿಸುತ್ತಾರೆ. ಎರಡು ಪೊರೆ ದಾಟುವಾಗ ಎರಡು ಸಲ ‘ಟಪ್’ ಎಂದು ಬೆರಳಿಗೆ ಗೊತ್ತಾಗುತ್ತದೆ. ಅಲ್ಟ್ರಾಸೌಂಡ್ ಇದ್ದರೆ ಪೊರೆಯ ಕೆಳಗೆ ಔಷಧ ಹರಡುವುದೇ ಪರದೆಯ ಮೇಲೆ ಕಾಣುವುದರಿಂದ ಊಹೆಗೆ ಕೆಲಸವಿಲ್ಲ.

ಈ ಬ್ಲಾಕ್ ಕೆಲಸ ಮಾಡಲು ಪ್ರಮಾಣ ಹೆಚ್ಚು ಬೇಕು, 30ರಿಂದ 40 ಮಿ.ಲೀ. ತೊಂದರೆ ಹುಟ್ಟುವುದೂ ಇಲ್ಲೇ. ಮರಗಟ್ಟಿಸುವ ಔಷಧವಾದ ಲೆವೊಬ್ಯುಪಿವಕೇನ್‌ಗೆ ಸಾಮಾನ್ಯವಾಗಿ ಇಟ್ಟುಕೊಳ್ಳುವ ಗರಿಷ್ಠ ಮಿತಿ ದೇಹತೂಕದ ಕೆ.ಜಿ.ಗೆ 2 ಮಿ.ಗ್ರಾಂ. ಅಜ್ಜಿಯ ತೂಕ 45 ಕೆ.ಜಿ. ಆದರೆ 90 ಮಿ.ಗ್ರಾಂ. ಶೇ 0.25ರ ದ್ರಾವಣದ 30 ಮಿ.ಲೀ.ನಲ್ಲಿ 75 ಮಿ.ಗ್ರಾಂ ಇರುತ್ತದೆ, ಮಿತಿಯ ಒಳಗೇ ಇದೆ. ಎರಡು ಗಂಟೆ ಕಳೆದು ಆಪರೇಷನ್ ಮುಗಿಯುವಾಗ ಸರ್ಜನ್ ‘ಗಾಯದ ಸುತ್ತ ಸ್ವಲ್ಪ ಹಾಕ್ತೀನಿ’ ಎಂದು ಶೇ 0.5ರ ದ್ರಾವಣ 20 ಮಿ.ಲೀ. ಹಾಕಿದರೆಂದುಕೊಳ್ಳಿ. ಅದು 100 ಮಿ.ಗ್ರಾಂ. ಒಟ್ಟು 175, ಮಿತಿಯ ಸುಮಾರು ಇಮ್ಮಡಿ. ಯಾರೂ ಎಡವಟ್ಟು ಮಾಡಿಲ್ಲ, ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ ಅಷ್ಟೆ. ಬ್ಲಾಕ್ ಹಾಕಿದ ಹೊತ್ತು, ಔಷಧ, ಮಿ.ಗ್ರಾಂ ಲೆಕ್ಕ — ಮೂರನ್ನೂ ಕೇಸ್‌ಶೀಟಿನ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಬರೆಯಬೇಕೆನ್ನುವುದು ಇದಕ್ಕೇ.

ಔಷಧ ಮಿತಿಮೀರಿದರೆ ಬಾಯಿಯ ಸುತ್ತ ಜುಮ್ಮೆನ್ನುವುದು, ಕಿವಿಯಲ್ಲಿ ಗುಯ್‌ಗುಟ್ಟುವುದು, ಆಮೇಲೆ ಫಿಟ್ಸ್, ಹೃದಯದ ಲಯ ತಪ್ಪುವುದು. ಮರೆವಿನ ಕಾಯಿಲೆ ಇರುವವರು ಮೊದಲ ಎರಡನ್ನು ಹೇಳಲಾರರು. ಸುಮ್ಮನೆ ಚಡಪಡಿಸುತ್ತಾರೆ, ಅದನ್ನು ಗೊಂದಲವೆಂದು ತಪ್ಪು ತಿಳಿಯುವುದು ಸುಲಭ. ಬ್ಲಾಕ್ ಹಾಕುವ ಕಡೆ ಇದಕ್ಕೆ ಮದ್ದಾದ ಶೇ 20ರ ಲಿಪಿಡ್ (ಕೊಬ್ಬಿನ) ದ್ರಾವಣ ಕೈಗೆಟಕುವಂತಿರಬೇಕು. ಮೊದಲ ಡೋಸ್ ಕೆ.ಜಿ.ಗೆ 1.5 ಮಿ.ಲೀ.; 45 ಕೆ.ಜಿ.ಯವರಿಗೆ ಹತ್ತಿರ ಹತ್ತಿರ 70 ಮಿ.ಲೀ.

2018ರಲ್ಲಿ ಮೊದಲು ವಿವರಿಸಿದ ಪೆಂಗ್ ಬ್ಲಾಕ್ ಇನ್ನೊಂದು ಆಯ್ಕೆ. ಕೀಲನ್ನು ಸುತ್ತಿರುವ ಚೀಲದ ಮುಂಭಾಗಕ್ಕೆ ಹೋಗುವ ಸಣ್ಣ ನರಗಳನ್ನು ಮಾತ್ರ ಗುರಿಯಿಟ್ಟು, ಮೂಳೆಗೂ ಸೋಯಸ್ ಸ್ನಾಯುರಜ್ಜುವಿಗೂ ನಡುವೆ ಸುಮಾರು 20 ಮಿ.ಲೀ. ಹಾಕುತ್ತಾರೆ. ತೊಡೆಯ ಬಲ ಹೆಚ್ಚಾಗಿ ಉಳಿಯುತ್ತದೆ ಎನ್ನುವುದು ಇದರ ಆಕರ್ಷಣೆ. ಆದರೆ ಚರ್ಮ ಕತ್ತರಿಸುವ ಜಾಗ ಮರಗಟ್ಟುವುದಿಲ್ಲ, ಅಲ್ಟ್ರಾಸೌಂಡ್ ಬೇಕೇ ಬೇಕು.

ಯಾವ ಬ್ಲಾಕ್ ಆದರೂ ಸೂಜಿ ಚುಚ್ಚುವ ಕ್ಷಣಕ್ಕೆ ಮುಂಚೆ ಒಮ್ಮೆ ನಿಂತು ಎಡವೋ ಬಲವೋ ಎಂದು ಗುರುತು ನೋಡಬೇಕು. ರೋಗಿಯನ್ನು ಮಗ್ಗುಲು ಬದಲಿಸಿದ ಮೇಲೆ, ಹೊದಿಕೆ ಹೊದಿಸಿದ ಮೇಲೆ, ತಪ್ಪು ಕಾಲಿಗೆ ಬ್ಲಾಕ್ ಬಿದ್ದ ಉದಾಹರಣೆಗಳು ಕಡಿಮೆಯೇನಿಲ್ಲ.

ಕಾಯಬೇಕಾದ್ದಕ್ಕೆ ಮಾತ್ರ ಕಾಯಬೇಕು

ಆಪರೇಷನ್ 36ರಿಂದ 48 ಗಂಟೆಯೊಳಗೆ ಆಗಬೇಕೆನ್ನುವುದು ಹೆಚ್ಚಿನ ಮಾರ್ಗಸೂಚಿಗಳ ಮಾತು. 2020ರಲ್ಲಿ ಪ್ರಕಟವಾದ ಹಿಪ್ ಅಟ್ಯಾಕ್ ಅಧ್ಯಯನ 17 ದೇಶಗಳ 2970 ರೋಗಿಗಳಲ್ಲಿ ಇನ್ನೂ ಬೇಗ, ಅಂದರೆ ಸುಮಾರು 6 ಗಂಟೆಯೊಳಗೆ, ಮಾಡಿ ನೋಡಿತು. ಸುಮಾರು 24 ಗಂಟೆಗೆ ಮಾಡಿಸಿಕೊಂಡವರಿಗೆ ಹೋಲಿಸಿದರೆ ಸಾವಿನ ಪ್ರಮಾಣದಲ್ಲಿ ಗಟ್ಟಿ ವ್ಯತ್ಯಾಸ ಸಿಗಲಿಲ್ಲ. ಗೊಂದಲ ಮತ್ತು ಮೂತ್ರದ ಸೋಂಕು ಕಡಿಮೆಯಾದವು, ಎದ್ದು ಓಡಾಡಿದ್ದು ಬೇಗ.

ತಡಮಾಡಲು ನ್ಯಾಯವಾದ ಕಾರಣಗಳ ಪಟ್ಟಿಯನ್ನು ಬ್ರಿಟನ್ನಿನ ಅರಿವಳಿಕೆ ತಜ್ಞರ ಸಂಘ 2011ರಲ್ಲೇ ಕೊಟ್ಟಿದೆ, ಅದು ಗಿಡ್ಡ ಪಟ್ಟಿ: ಹಿಮೊಗ್ಲೋಬಿನ್ 8ಕ್ಕಿಂತ ಕೆಳಗೆ, ಸೋಡಿಯಂ 120ಕ್ಕಿಂತ ಕಡಿಮೆ ಇಲ್ಲವೇ 150ಕ್ಕಿಂತ ಹೆಚ್ಚು, ಪೊಟ್ಯಾಸಿಯಂ 2.8ಕ್ಕಿಂತ ಕಡಿಮೆ ಇಲ್ಲವೇ 6ಕ್ಕಿಂತ ಹೆಚ್ಚು. ಹತೋಟಿ ತಪ್ಪಿದ ಸಕ್ಕರೆ. ಹತೋಟಿಯಲ್ಲಿಲ್ಲದ ಹೃದಯ ವೈಫಲ್ಯ. ಸರಿಪಡಿಸಬಹುದಾದ, ನಿಮಿಷಕ್ಕೆ 120 ದಾಟಿದ ಲಯದೋಷ. ನಂಜೇರಿಸಿದ ಎದೆಯ ಸೋಂಕು. ಸರಿಪಡಿಸಬಹುದಾದ ರಕ್ತಹೆಪ್ಪುಗಟ್ಟುವಿಕೆಯ ದೋಷ. ಈ ಪಟ್ಟಿಯಲ್ಲಿ ‘ಎಕೋ (ಹೃದಯದ ಸ್ಕ್ಯಾನ್) ಆಗಿಲ್ಲ’ ಎನ್ನುವುದಿಲ್ಲ. ಎದೆಯಲ್ಲಿ ಮರ್ಮರ ಶಬ್ದ ಕೇಳಿಸಿತೆಂದು ಎಕೋಗಾಗಿ ಎರಡು ದಿನ ಮಲಗಿಸುವುದಕ್ಕಿಂತ ಕವಾಟ ಕಿರಿದಾಗಿದೆ ಎಂದೇ ಭಾವಿಸಿ, ಅಪಧಮನಿಗೆ ಲೈನ್ ಹಾಕಿ, ಬಿಪಿ ಬೀಳಲು ಬಿಡದೆ ಕೊಂಡೊಯ್ಯುವುದು ಮೇಲು.

ರಕ್ತ ತೆಳು ಮಾಡುವ ಮಾತ್ರೆಗಳ ಕಥೆ ಬೇರೆ. ಎಷ್ಟೋ ಸಲ ಬೆನ್ನಿಗೋ ಪೂರ್ತಿಯೋ ಎಂದು ತೀರ್ಮಾನಿಸುವುದು ವೈದ್ಯರೂ ಅಲ್ಲ, ಮನೆಯವರೂ ಅಲ್ಲ. ಹಿಂದಿನ ದಿನ ನುಂಗಿದ ಒಂದು ಗುಳಿಗೆ. ಆಸ್ಪಿರಿನ್ ಒಂದೇ ಇದ್ದರೆ ಬೆನ್ನಿಗೆ ಕೊಡಲು ಅಡ್ಡಿಯಿಲ್ಲ. ಕ್ಲೊಪಿಡೊಗ್ರೆಲ್‌ನ ಪರಿಣಾಮ ಇಳಿಯಲು 5ರಿಂದ 7 ದಿನ ಬೇಕು, ಸೊಂಟ ಮುರಿದವರು ಅಷ್ಟು ದಿನ ಮಲಗಿದರೆ ಲಾಭಕ್ಕಿಂತ ನಷ್ಟ ಹೆಚ್ಚು. ಆದ್ದರಿಂದ ಕಾಯದೆ ಪೂರ್ಣ ಅರಿವಳಿಕೆ ಮತ್ತು ಬ್ಲಾಕ್ ಕೊಟ್ಟು ಮುಗಿಸುವುದು ರೂಢಿ. ಶ್ವಾಸಕೋಶ ತೀರಾ ಕೆಟ್ಟಿದ್ದರೆ ಅಪಾಯ ತೂಗಿನೋಡಿ ಬೆನ್ನಿಗೆ ಕೊಡುವವರೂ ಇದ್ದಾರೆ. ವಾರ್ಫರಿನ್ ತೆಗೆದುಕೊಳ್ಳುತ್ತಿದ್ದರೆ ಬಂದ ಕೂಡಲೇ ರಕ್ತನಾಳಕ್ಕೆ ವಿಟಮಿನ್ ಕೆ ಕೊಟ್ಟು, ಆರರಿಂದ ಹನ್ನೆರಡು ಗಂಟೆ ಕಳೆದು, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ ಅಳೆಯುವ ಐಎನ್‌ಆರ್ ಮತ್ತೆ ನೋಡುತ್ತಾರೆ, 1.5ಕ್ಕಿಂತ ಕೆಳಗಿಳಿದರೆ ಬೆನ್ನಿನ ದಾರಿ ತೆರೆಯಿತು. ಅಪಿಕ್ಸಬಾನ್, ರಿವರೋಕ್ಸಬಾನ್ ಇದ್ದರೆ ಕೊನೆಯ ಮಾತ್ರೆ ಎಷ್ಟು ಗಂಟೆಗೆ, ಮೂತ್ರಪಿಂಡದ ಸ್ಥಿತಿ ತೋರುವ ಕ್ರಿಯಾಟಿನಿನ್ ಎಷ್ಟು ಎಂಬೆರಡು ಬೇಕು. ಒಂದೆರಡು ದಿನದಲ್ಲಿ ಆಪರೇಷನ್ ಮಾಡುವಷ್ಟು ಪರಿಣಾಮ ಇಳಿದರೂ ಬೆನ್ನಿಗೆ ಸೂಜಿ ಹಾಕಲು ಕೆಲವು ಮಾರ್ಗಸೂಚಿಗಳು 72 ಗಂಟೆ ಕೇಳುತ್ತವೆ; ಆಗ ಪೂರ್ಣ ಅರಿವಳಿಕೆಯೇ ಸೈ. ಆಸ್ಪತ್ರೆಯಲ್ಲೇ ಹೆಪಾರಿನ್ ಜಾತಿಯ ಇಂಜೆಕ್ಷನ್ ಶುರುಮಾಡಿದ್ದರೆ ಸಣ್ಣ ಡೋಸಿಗೆ 12 ಗಂಟೆ, ದೊಡ್ಡ ಡೋಸಿಗೆ 24 ಗಂಟೆ ಅಂತರ ಬೇಕು. ಸಣ್ಣ ಡೋಸನ್ನು ಸಂಜೆಗೆ ಹೊಂದಿಸಿಕೊಂಡರೆ ಮರುದಿನದ ಆಪರೇಷನ್‌ಗೆ ತೊಡಕಿಲ್ಲ. ಬೆಳಗ್ಗೆ ಎಂಟಕ್ಕೆ ವಾರ್ಡಿನಲ್ಲಿ ಅಭ್ಯಾಸಬಲದಿಂದ ಕೊಟ್ಟರೆ ಆ ದಿನ ಬೆನ್ನಿನ ಬಾಗಿಲು ಮುಚ್ಚಿತು.

ಇಷ್ಟು ಎಚ್ಚರ ಯಾಕೆಂದರೆ ಬೆನ್ನುಹುರಿಯ ಸುತ್ತ ರಕ್ತ ಕಟ್ಟಿಕೊಂಡರೆ ಕಾಲು ಶಾಶ್ವತವಾಗಿ ಬಿದ್ದುಹೋಗಬಹುದು. ಆಪರೇಷನ್ ಆಗಿ ನಾಲ್ಕೈದು ಗಂಟೆಯಾದರೂ ಮುರಿಯದ ಕಡೆಯ ಪಾದ ಕೂಡ ಅಲ್ಲಾಡದಿದ್ದರೆ ‘ಅರಿವಳಿಕೆ ಇನ್ನೂ ಇಳಿದಿಲ್ಲ’ ಎಂದು ಸಮಾಧಾನ ಮಾಡಿಕೊಳ್ಳದೆ ಎಂಆರ್‌ಐಗೆ ಓಡಬೇಕು. ಎಂಟು ಗಂಟೆಯೊಳಗೆ ಆ ರಕ್ತ ತೆಗೆದರೆ ಕಾಲು ಮರಳುವ ಸಾಧ್ಯತೆ ಹೆಚ್ಚು.

ಬೆನ್ನಿನ ಅರಿವಳಿಕೆ

ಪ್ರಾಯದವರಿಗೆ ಶೇ 0.5ರ ಭಾರದ (ಬೆನ್ನುಹುರಿಯ ದ್ರವಕ್ಕಿಂತ ತೂಕದ) ಬ್ಯುಪಿವಕೇನ್ 3 ಮಿ.ಲೀ., ಅಂದರೆ 15 ಮಿ.ಗ್ರಾಂ, ಕೊಡುವ ಅಭ್ಯಾಸ ಹಲವರ ಕೈಗೆ ಅಂಟಿಕೊಂಡಿರುತ್ತದೆ. ಸೋತ ದೇಹಕ್ಕೆ 10 ಮಿ.ಗ್ರಾಂ ಒಳಗೇ ಇರಬೇಕು, 1.5ರಿಂದ 2 ಮಿ.ಲೀ. ಸಾಕು. ಜೊತೆಗೆ 10-15 ಮೈಕ್ರೊಗ್ರಾಂ ನೋವಿನೌಷಧ ಫೆಂಟನಿಲ್ ಸೇರಿಸಿದರೆ ಕಡಿಮೆ ಡೋಸಿನಲ್ಲೂ ಒಂದೂವರೆ ಗಂಟೆಯ ಕೆಲಸಕ್ಕೆ ತೊಂದರೆಯಿಲ್ಲ. ಮರಗಟ್ಟುವಿಕೆ ಹೊಕ್ಕುಳ ಮಟ್ಟಕ್ಕೆ ಬಂದರೆ ಆಯಿತು, ಎದೆಗೆ ಏರಬೇಕಿಲ್ಲ. ಏರಿದಷ್ಟೂ ರಕ್ತನಾಳಗಳು ಸಡಿಲಗೊಂಡು ಬಿಪಿ ಬೀಳುತ್ತದೆ.

ಕಷ್ಟ ಇರುವುದು ಮಗ್ಗುಲಾಗಿಸುವುದರಲ್ಲಿ. ಭಾರದ ಔಷಧ ಕೆಳಕ್ಕೆ ಇಳಿಯುತ್ತದೆ, ಹಾಗಾಗಿ ಮುರಿದ ಕಡೆ ಕೆಳಗಾಗುವಂತೆ ಮಲಗಿಸಿದರೆ ಬೇಕಾದ ಕಾಲೇ ಹೆಚ್ಚು ಮರಗಟ್ಟಿ ಬಿಪಿ ಅಷ್ಟಾಗಿ ಇಳಿಯುವುದಿಲ್ಲ. ಆದರೆ ಮುರಿದ ಸೊಂಟದ ಮೇಲೇ ಹತ್ತು ನಿಮಿಷ ಯಾರು ಮಲಗುತ್ತಾರೆ? ಬ್ಲಾಕ್ ಹಾಕಿ ಅರ್ಧ ಗಂಟೆ ಬಿಟ್ಟಿದ್ದರೆ ಮಲಗುತ್ತಾರೆ. ಇಲ್ಲದಿದ್ದರೆ 10-20 ಮಿ.ಗ್ರಾಂ ಕೆಟಮಿನ್ ಕೊಟ್ಟು ತಿರುಗಿಸಬೇಕಾಗುತ್ತದೆ. ಭಾರವಿಲ್ಲದ ಸಾದಾ ದ್ರಾವಣ ಬಳಸಿದರೆ ಲೆಕ್ಕ ತಲೆಕೆಳಗು: ಅದು ಬೆನ್ನುಹುರಿಯ ದ್ರವದಲ್ಲಿ ಸ್ವಲ್ಪ ಮೇಲಕ್ಕೆ ತೇಲುವುದರಿಂದ ಮುರಿದ ಕಡೆ ಮೇಲೆ. ನೋವಿನ ದೃಷ್ಟಿಯಿಂದ ಇದು ಸುಲಭದ ಭಂಗಿ.

ಭಂಗಿ ಸಿಕ್ಕರೂ ದಾರಿ ಸಿಗಬೇಕಲ್ಲ. ಎಂಬತ್ತು ವರ್ಷದ ಬೆನ್ನಿನ ನಡುಗೆರೆಯ ಬಂಧಗಳು ಸುಣ್ಣಗಟ್ಟಿ ಒಣ ಮರದಂತಾಗಿರುತ್ತವೆ, ಬೆನ್ನು ಬಾಗಿ ತಿರುಚಿಕೊಂಡಿರುತ್ತದೆ. 25 ನಂಬರಿನ ಸಪೂರ ಸೂಜಿ ಬಾಗುತ್ತದೆಯೇ ಹೊರತು ಒಳಗೆ ಹೋಗುವುದಿಲ್ಲ. ಅದೇ ಜಾಗದಲ್ಲಿ ಏಳೆಂಟು ಸಲ ಚುಚ್ಚುವ ಬದಲು ನಡುಗೆರೆಯಿಂದ ಒಂದೆರಡು ಸೆಂ.ಮೀ. ಪಕ್ಕಕ್ಕೆ ಸರಿದು ಓರೆಯಾಗಿ ಹೋದರೆ ಗಟ್ಟಿ ಬಂಧಗಳನ್ನು ಬಳಸಿಕೊಂಡು ಮುಟ್ಟಬಹುದು. ಬೇಕಾದರೆ 22 ನಂಬರಿನ ದಪ್ಪ ಸೂಜಿ ಹಿಡಿಯಬಹುದು. ಸೂಜಿಯ ರಂಧ್ರದಿಂದ ಬರುವ ತಲೆನೋವು ಈ ವಯಸ್ಸಿನಲ್ಲಿ ಅಪರೂಪ. ಮೂರು ಪ್ರಯತ್ನ ಮೀರಿದರೆ ಹಟ ಬಿಟ್ಟು ಪೂರ್ಣ ಅರಿವಳಿಕೆಗೆ ಹೋಗುವುದು ಸೋಲಲ್ಲ.

ಬೆನ್ನಿಗೆ ಕೊಟ್ಟ ಮೇಲೆ ‘ಪಾಪ, ಮಲಗಲಿ’ ಎಂದು ಪ್ರೊಪೊಫಾಲ್ ಹರಿಸಿಬಿಡುವ ಅಭ್ಯಾಸವಿದೆ. ಗೊರಕೆ ಹೊಡೆಯುವಷ್ಟು ಕೊಟ್ಟರೆ ಅದು ಉಸಿರಾಟದ ಕೊಳವೆ ಇಲ್ಲದ ಪೂರ್ಣ ಅರಿವಳಿಕೆಯೇ: ಎರಡರ ಅಪಾಯವೂ ಉಂಟು, ಒಂದರ ರಕ್ಷಣೆಯೂ ಇಲ್ಲ. ಬೆನ್ನಿಗೂ ಕೊಟ್ಟು ಪೂರ್ತಿಯೂ ಕೊಡುವುದು ಇನ್ನೂ ಕೆಟ್ಟದ್ದು, ಬಿಪಿ ಎರಡೂ ಕಡೆಯಿಂದ ಜಗ್ಗಿದಂತಾಗುತ್ತದೆ. ಕಿವಿಯಂತ್ರ ಹಾಕಿಸಿ, ಬೆಚ್ಚಗೆ ಹೊದಿಸಿ, ತಲೆಯ ಬಳಿ ಒಬ್ಬರು ಕೈ ಹಿಡಿದು ಮಾತಾಡಿಸುತ್ತಿದ್ದರೆ ಬಹಳ ಮಂದಿಗೆ ನಿದ್ದೆ ಔಷಧವೇ ಬೇಕಾಗುವುದಿಲ್ಲ. ಅವುಗಳಲ್ಲಿ ಮಿಡಜೋಲಮ್ ಅಂತೂ ಹತ್ತಿರ ಸುಳಿಯದಿದ್ದರೆ ಒಳ್ಳೆಯದು.

ಪೂರ್ಣ ಅರಿವಳಿಕೆ

ಅರ್ಧ ಗಂಟೆ ಅಲ್ಲಾಡದೆ ಮಲಗಲಾರದಷ್ಟು ಮರೆವು ಇರುವವರು, ಕವಾಟ ತೀರಾ ಕಿರಿದಾದವರು, ಬೆನ್ನಿನ ಚರ್ಮದಲ್ಲಿ ಸೋಂಕಿರುವವರು, ಮೇಲೆ ಹೇಳಿದ ಗುಳಿಗೆ ನುಂಗಿದವರು, ಸುಮ್ಮನೆ ‘ನನಗೆ ಬೆನ್ನಿಗೆ ಬೇಡ’ ಎನ್ನುವವರು — ಇವರಿಗೆಲ್ಲ ಇದೇ ದಾರಿ. ಪ್ರೊಪೊಫಾಲ್ ಕೆ.ಜಿ.ಗೆ 0.5ರಿಂದ 1 ಮಿ.ಗ್ರಾಂ, ಅದೂ ಒಂದೆರಡು ನಿಮಿಷ ಎಳೆದು. ಪ್ರಾಯದವರಿಗೆ ಕೊಡುವುದರ ಅರ್ಧಕ್ಕೂ ಕಡಿಮೆ. ಉಸಿರಾಡಿಸುವ ಅನಿಲದ ಅಗತ್ಯ ನಲವತ್ತರ ನಂತರ ಪ್ರತಿ ಹತ್ತು ವರ್ಷಕ್ಕೆ ಸುಮಾರು ಶೇ 6 ಇಳಿಯುತ್ತದೆ. ಯಂತ್ರಕ್ಕೆ ರೋಗಿಯ ವಯಸ್ಸನ್ನು ನಮೂದಿಸದೆ ಬಿಟ್ಟರೆ ಪರದೆ ತೋರಿಸುವ ‘ಒಂದು’ (ಪ್ರಾಯದವರ ಲೆಕ್ಕದ ಅನಿಲದ ಅಳತೆ) ಈ ಅಜ್ಜಿಗೆ ಒಂದಲ್ಲ, ಒಂದೂಕಾಲಿಗೂ ಮಿಕ್ಕಿ. ಹಣೆಗೆ ಪಟ್ಟಿ ಅಂಟಿಸಿ ಮೆದುಳಿನ ಅಲೆ ನೋಡುವ ಯಂತ್ರವಿದ್ದರೆ ಈ ಮಿಗತೆ ಕಣ್ಣಿಗೇ ಕಾಣುತ್ತದೆ: ಅಲೆಗಳು ನಡುನಡುವೆ ನೇರ ಗೆರೆಯಾಗತೊಡಗಿದರೆ ಅನಿಲ ಇಳಿಸಬೇಕು.

ಬ್ಲಾಕ್ ಇದ್ದರೆ ಒಳಗೆ ನೋವಿನೌಷಧದ ಬೇಡಿಕೆ ತೀರಾ ತಗ್ಗುತ್ತದೆ. ಸ್ನಾಯು ಸಡಿಲಿಸುವ ಔಷಧ ಕೊಟ್ಟಿದ್ದರೆ ಕೊನೆಯಲ್ಲಿ ಅದು ಪೂರ್ತಿ ಇಳಿದಿದೆಯೇ ಎಂದು ನರ ಪ್ರಚೋದಕದಿಂದ ಅಳೆದೇ ಕೊಳವೆ ತೆಗೆಯಬೇಕು. ಕಣ್ಣಳತೆಗೆ ಸರಿಕಂಡವರಲ್ಲೂ ಗಂಟಲಿನ ಸ್ನಾಯು ಇನ್ನೂ ಸೋತಿರುತ್ತದೆ. ಆ ರಾತ್ರಿ ಕುಡಿಸಿದ ಮೊದಲ ಗುಟುಕು ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ.

ಕೇವಲ ಬ್ಲಾಕ್‌ಗಳಲ್ಲೇ ಆಪರೇಷನ್ ಮಾಡಬಹುದೇ ಎಂದು ಕೇಳುವವರಿದ್ದಾರೆ. ಸೊಂಟದ ಕೀಲಿಗೆ ಫೆಮೊರಲ್, ಆಬ್ಟುರೇಟರ್, ಸಯಾಟಿಕ್ ಎಲ್ಲ ಕಡೆಯಿಂದಲೂ ನರಗಳು ಬರುತ್ತವೆ, ಚರ್ಮಕ್ಕೆ ಇನ್ನೂ ಬೇರೆ. ಒಂದು ಬ್ಲಾಕ್ ಸಾಲದು, ಮೂರು ಹಾಕಿದರೆ ಔಷಧದ ಮಿತಿ ಮೀರುತ್ತದೆ. ಎರಡೂ ದಾರಿ ಮುಚ್ಚಿದ, ಹೃದಯ ತೀರಾ ಸೋತವರಲ್ಲಿ, ಚಿಕ್ಕ ಗಾಯದಲ್ಲಿ ಮುಗಿಯುವ ಸ್ಕ್ರೂ ಅಥವಾ ನೇಲ್ ಕೆಲಸಕ್ಕೆ ನುರಿತ ಕೈಗಳು ಇದನ್ನು ಮಾಡುತ್ತವೆ. ದಿನನಿತ್ಯದ ಆಯ್ಕೆಯಲ್ಲ.

ಬಿಪಿ, ಆಮೇಲೆ ಸಿಮೆಂಟ್

ಯಾವ ಅರಿವಳಿಕೆ ಎನ್ನುವುದಕ್ಕಿಂತ ಬಿಪಿ ಎಷ್ಟು ಇಳಿಯಿತು ಎಂಬುದಕ್ಕೂ ಸಾವಿಗೂ ನಂಟು ಗಟ್ಟಿ ಎಂದು ಬ್ರಿಟನ್ನಿನ ದೊಡ್ಡ ಲೆಕ್ಕಪರಿಶೀಲನೆಯ ವಿಶ್ಲೇಷಣೆ 2016ರಲ್ಲಿ ತೋರಿಸಿತು. ಮೇಲಿನ ಬಿಪಿ ರೋಗಿಯ ಮಾಮೂಲಿ ಮಟ್ಟದಿಂದ ಶೇ 20ಕ್ಕಿಂತ ಹೆಚ್ಚು ಇಳಿಯಬಾರದು ಎನ್ನುವುದು ಬಳಕೆಯ ನಿಯಮ. ಮಾಮೂಲಿ ಯಾವುದು ಎನ್ನುವಲ್ಲೇ ಎಡವುತ್ತಾರೆ. ನೋವಿನಲ್ಲಿ ನರಳುತ್ತ ತುರ್ತು ವಿಭಾಗದಲ್ಲಿ ಬಂದ 180 ಮಾಮೂಲಿಯಲ್ಲ. ಮನೆಯ ಹಳೆಯ ಚೀಟಿಯಲ್ಲಿರುವ 140 ಮಾಮೂಲಿ.

ಬಿದ್ದ ಬಿಪಿಗೆ ಬಾಟಲಿ ಮೇಲೆ ಬಾಟಲಿ ಗ್ಲೂಕೋಸು, ಸಲೈನ್ ಸುರಿದರೆ ಸಂಜೆ ಹೊತ್ತಿಗೆ ಉಬ್ಬಸ. ಸುಮಾರು 250 ಮಿ.ಲೀ.ನ ಸಣ್ಣ ಕಂತುಗಳು, ಜೊತೆಗೆ ರಕ್ತನಾಳ ಬಿಗಿಗೊಳಿಸುವ ಫಿನೈಲೆಫ್ರಿನ್ 25-50 ಮೈಕ್ರೊಗ್ರಾಂ, ಪದೇಪದೇ ಬೇಕಾದರೆ ಹನಿಹನಿಯಾಗಿ — ಇದು ಸರಿಯಾದ ಕ್ರಮ. ಮೊದಲ ಹದಿನೈದು ನಿಮಿಷ ಬಿಪಿ ಪಟ್ಟಿ ಐದು ನಿಮಿಷಕ್ಕೊಮ್ಮೆ ಉಬ್ಬಿದರೆ ಸಾಲದು, ಒಂದೆರಡು ನಿಮಿಷಕ್ಕೊಮ್ಮೆ ಉಬ್ಬಬೇಕು.

ತೊಡೆಮೂಳೆಯ ಕತ್ತು ಮುರಿದು ಸರಿದುಹೋಗಿದ್ದರೆ ಸಾಮಾನ್ಯವಾಗಿ ಅರ್ಧ ಕೀಲು ಬದಲಿಸಿ, ಲೋಹದ ಕಡ್ಡಿಯನ್ನು ಸಿಮೆಂಟ್ ಹಾಕಿ ಕೂರಿಸುತ್ತಾರೆ. ಇಡೀ ಆಪರೇಷನ್‌ನಲ್ಲಿ ಉಸಿರು ಬಿಗಿಹಿಡಿಯುವ ಐದು ನಿಮಿಷ ಅದೇ. ಮೂಳೆಯ ಪೊಳ್ಳಿನೊಳಗೆ ಸಿಮೆಂಟ್ ಒತ್ತಿದಾಗ ಅಲ್ಲಿರುವ ಕೊಬ್ಬು, ಮಜ್ಜೆ, ಗಾಳಿ ರಕ್ತಕ್ಕೆ ತಳ್ಳಿಸಿಕೊಂಡು ಶ್ವಾಸಕೋಶದ ನಾಳಗಳಿಗೆ ಅಡ್ಡಬೀಳುತ್ತವೆ. ಹೃದಯದ ಬಲಭಾಗಕ್ಕೆ ಹಠಾತ್ ಹೊರೆ. ಪೂರ್ಣ ಅರಿವಳಿಕೆಯಲ್ಲಿದ್ದರೆ ಮೊದಲು ಬೀಳುವುದು ಹೊರಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡ್ ಅಂಕಿ, ಬಿಪಿ ಅಲ್ಲ. ಬೆನ್ನಿನ ಅರಿವಳಿಕೆಯಲ್ಲಿ ಎಚ್ಚರವಿರುವವರು ‘ಏನೋ ಆಗ್ತಿದೆ’ ಎನ್ನುತ್ತಾರೆ, ಏದುಸಿರು ಬಿಡುತ್ತಾರೆ, ಮಾತು ತೊದಲುತ್ತದೆ. ಆಕ್ಸಿಜನ್ 94ಕ್ಕಿಂತ ಕೆಳಗಿಳಿದರೆ ಅಥವಾ ಬಿಪಿ ಶೇ 20ಕ್ಕಿಂತ ಹೆಚ್ಚು ಇಳಿದರೆ ಈ ಸಿಮೆಂಟ್ ತೊಂದರೆಯ ಒಂದನೇ ದರ್ಜೆ. 88ಕ್ಕಿಂತ ಕೆಳಗೆ, ಶೇ 40ಕ್ಕಿಂತ ಹೆಚ್ಚಿನ ಇಳಿತ, ಅಥವಾ ಪ್ರಜ್ಞೆ ತಪ್ಪಿದರೆ ಎರಡನೆಯದು. ಎದೆ ಒತ್ತಬೇಕಾಗಿ ಬಂದರೆ ಮೂರನೆಯದು.

ತಡೆಯುವ ಕೆಲಸ ಇಬ್ಬರಿಗೂ ಹಂಚಿದೆ. ಸರ್ಜನ್ ಪೊಳ್ಳನ್ನು ಚೆನ್ನಾಗಿ ತೊಳೆದು ಒಣಗಿಸಬೇಕು, ಸಿಮೆಂಟನ್ನು ಗನ್‌ನಿಂದ ತಳದಿಂದ ಮೇಲಕ್ಕೆ ತುಂಬಬೇಕು, ಜೋರಾಗಿ ಒತ್ತಬಾರದು, ಎಲ್ಲಕ್ಕಿಂತ ಮೊದಲು ‘ಸಿಮೆಂಟ್ ಹಾಕ್ತಿದ್ದೀನಿ’ ಎಂದು ಗಟ್ಟಿಯಾಗಿ ಹೇಳಬೇಕು. ಆ ಮಾತು ಕೇಳಿದೊಡನೆ ಈ ಕಡೆ ಆಕ್ಸಿಜನ್ ಏರಿಸಿ, ಬಿಪಿ ಪಟ್ಟಿ ಒತ್ತಿ, ಔಷಧ ತುಂಬಿದ ಸಿರಿಂಜ್ ಕೈಯಲ್ಲಿ ಹಿಡಿದು ನಿಲ್ಲಬೇಕು. ಆ ಹೊತ್ತಿಗೆ ಅರಿವಳಿಕೆ ತಜ್ಞರು ಚಹಾಕ್ಕೆ ಹೋಗಿ ಸಹಾಯಕರು ಮಾತ್ರ ಇದ್ದರೆ ಆಮೇಲೆ ಯಾರನ್ನೂ ದೂರಿ ಫಲವಿಲ್ಲ.

ಮೊದಲ ರಾತ್ರಿ, ಮೊದಲ ಹೆಜ್ಜೆ

ಆಪರೇಷನ್ ನಂತರದ ಗೊಂದಲವನ್ನು ‘ವಯಸ್ಸಾಯ್ತು, ಸಹಜ’ ಎಂದು ಬಿಡಬಾರದು. ಕಿರುಚಾಡುವವರನ್ನು ಎಲ್ಲರೂ ಗಮನಿಸುತ್ತಾರೆ. ಸುಮ್ಮನೆ ಗೋಡೆ ನೋಡುತ್ತ ಊಟ ಬೇಡವೆನ್ನುವ ಮಂಕು ಗೊಂದಲ ತಪ್ಪಿಹೋಗುತ್ತದೆ. ವಯಸ್ಸು, ಹುಟ್ಟಿದ ದಿನ, ಇರುವ ಜಾಗ, ಈಗಿನ ವರ್ಷ ಕೇಳಿ, ತಿಂಗಳುಗಳನ್ನು ಡಿಸೆಂಬರ್‌ನಿಂದ ಹಿಂದಕ್ಕೆ ಹೇಳಿಸಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಸಿಕ್ಕಿಬಿದ್ದರೆ ನಿದ್ದೆ ಇಂಜೆಕ್ಷನ್‌ಗೆ ಕೈ ಹಾಕುವ ಮುಂಚೆ ಕಾರಣ ಹುಡುಕಬೇಕು: ಮೂತ್ರ ಕಟ್ಟಿದೆಯೇ, ಆಕ್ಸಿಜನ್ ಕಡಿಮೆಯೇ, ಸೋಡಿಯಂ ಎಷ್ಟು, ಕನ್ನಡಕ ಎಲ್ಲಿ, ನೋವಿದೆಯೇ. ಟ್ರಮಡಾಲ್, ಪೆಥಿಡಿನ್ ಎರಡೂ ಗೊಂದಲ ಹೆಚ್ಚಿಸುವ ಔಷಧಗಳು. ಮೂತ್ರಪಿಂಡ ಸೋತಿದ್ದರೆ ಡೈಕ್ಲೊಫಿನಾಕ್ ಕೂಡ ಬೇಡ.

ನರದ ಬ್ಲಾಕ್ ಒಂದೇ ಸಲ ಹಾಕಿದ್ದರೆ ಅರ್ಧ ದಿನದಲ್ಲಿ ಇಳಿಯುತ್ತದೆ. ಸಂಜೆ ಹಾಕಿದ್ದು ನಡುರಾತ್ರಿ ಕಳೆದು, ವಾರ್ಡಿನಲ್ಲಿ ಒಬ್ಬರೇ ನರ್ಸ್ ಇರುವ ಹೊತ್ತಿಗೆ ಕೈಬಿಡುತ್ತದೆ. ಆದ್ದರಿಂದ ಪ್ಯಾರಸಿಟಮಾಲ್ ಅನ್ನು ‘ನೋವಾದರೆ’ ಎಂದು ಬರೆಯದೆ ಆರು ಗಂಟೆಗೊಮ್ಮೆ ಎಂದೇ ಬರೆಯಬೇಕು; 50 ಕೆ.ಜಿ.ಗಿಂತ ಕಡಿಮೆ ತೂಕದವರಿಗೆ ಪ್ರತಿ ಸಲ ಕೆ.ಜಿ.ಗೆ 15 ಮಿ.ಗ್ರಾಂ.

ಎಲ್ಲರಿಗೂ ಆಪರೇಷನ್ನೇ ಆಗಬೇಕೆಂದಿಲ್ಲ. ನೆದರ್ಲೆಂಡ್ಸ್‌ನ ಫ್ರೇಲ್ ಹಿಪ್ ಅಧ್ಯಯನ 2022ರಲ್ಲಿ ಆರೈಕೆ ಮನೆಗಳಲ್ಲಿದ್ದ ತೀರಾ ಸೋತ 172 ಹಿರಿಯರನ್ನು ನೋಡಿತು. ಆಪರೇಷನ್ ಬೇಡವೆಂದವರಲ್ಲಿ ಶೇ 83 ಮಂದಿ, ಮಾಡಿಸಿಕೊಂಡವರಲ್ಲಿ ಶೇ 25 ಮಂದಿ ತಿಂಗಳೊಳಗೆ ತೀರಿಕೊಂಡರು. ಆದರೆ ಬೇಡವೆಂದವರ ಉಳಿದ ದಿನಗಳ ನೆಮ್ಮದಿ ಉಳಿದವರಿಗಿಂತ ಕಡಿಮೆಯಿರಲಿಲ್ಲ. ಆ ದಾರಿ ಹಿಡಿದರೂ ನರದ ಬ್ಲಾಕ್ ಬೇಕು, ಮಗ್ಗುಲು ಬದಲಿಸುವಾಗಿನ ನೋವಿಗೆ.

ಮಾಡಿಸಿಕೊಂಡವರನ್ನು ಮರುದಿನವೇ ಎಬ್ಬಿಸಬೇಕು. ಹಾಸಿಗೆಯ ತಲೆಭಾಗ ಎತ್ತಿ ಐದು ನಿಮಿಷ, ಕಾಲು ಇಳಿಬಿಟ್ಟು ಐದು ನಿಮಿಷ, ಪ್ರತಿ ಹಂತಕ್ಕೂ ಬಿಪಿ ನೋಡಿ. ನಿಲ್ಲಿಸುವ ಮೊದಲು ಕೂತಲ್ಲೇ ಮಂಡಿ ನೇರ ಚಾಚಲು ಹೇಳಿ. ಚಾಚಲಾಗದಿದ್ದರೆ ಫ್ಯಾಸಿಯಾ ಇಲಿಯಾಕಾ ಬ್ಲಾಕ್ ತೊಡೆಯ ಸ್ನಾಯುವನ್ನು ಇನ್ನೂ ಬಿಟ್ಟಿಲ್ಲ ಎಂದರ್ಥ. ಆಗ ನಿಲ್ಲಿಸಿದರೆ ಮಂಡಿ ಮಡಿಸಿ ಮತ್ತೆ ಬೀಳುತ್ತಾರೆ. ಎರಡು ಗಂಟೆ ಕುರ್ಚಿಯಲ್ಲಿ ಕೂರಿಸಿ, ಊಟ ಮಾಡಿಸಿ, ಇನ್ನೊಮ್ಮೆ ಚಾಚಿಸಿ ನೋಡಬೇಕು.